ಬೀಗರೂಟಕ್ಕೆ ಬಿಳಿ ಪಂಚೆ

ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವನ ಮನೆಗೆ ಕೆಮಿಸ್ಟ್ರಿ ಕೇಳಿಕೊಂಡು ಯಾರೂ ಬರುವುದಿಲ್ಲ. ಕಲೆಯಾದ ಬಟ್ಟೆ ಹಿಡಿದುಕೊಂಡು ಬರುತ್ತಾರೆ. ಮದ್ದೂರಿನಲ್ಲಿ ನಾನು ಬಾಡಿಗೆಗಿರುವ ಮನೆಯ ಓನರ್ ಅಂತೂ ಕೆಳಗಡೆಯೇ ಇದ್ದಾರೆ. ಅವರ ಮಗಳ ಮದುವೆಯಾದ ವಾರ ನಾನು ಪಾಠ ಮಾಡಿದ್ದಕ್ಕಿಂತ ಪಂಚೆ ನೋಡಿದ್ದೇ ಹೆಚ್ಚು.

ಆರತಿ ನೀರು

ಗಂಡಿನ ತಂದೆ, ಅಂದರೆ ಪೂರಿಗಾಲಿಯ ಬೀಗರು, ಒಂದೇ ತರದ ಎರಡು ಪಂಚೆ ತಂದು, ಒಂದನ್ನು ಮದುವೆಮನೆಯಲ್ಲೇ ಓನರ್‌ಗೆ ಉಡಿಸಿ ಇನ್ನೊಂದನ್ನು ತಾವು ಉಟ್ಟಿದ್ದರು. ಊಟದ ಹೊತ್ತಿಗೆ ಓನರ್ ಪಂಚೆಯ ಮೇಲೆ ಅಂಗೈಯಗಲ ಅರಿಶಿನ. ಭಾನುವಾರ ಪೂರಿಗಾಲಿಯಲ್ಲಿ ಬೀಗರೂಟ.

"ಇದನ್ನ ಉಡದೆ ಹೋದ್ರೆ ನಮ್ ಉಡುಗೊರೆ ಹಿಡಿಸ್ಲಿಲ್ಲ ಅಂತಾರೆ. ಕಲೆ ಇಟ್ಕಂಡು ಹೋದ್ರೆ ಗಲೀಜು ಜನ ಅಂತಾರೆ. ಆಯಪ್ಪನ ಬಾಯಿ ನಿಮಗೆ ಗೊತ್ತಿಲ್ಲ ಮೇಷ್ಟ್ರೇ. ನಾವು ಒಂದ್ಸಲ ಕೇಳಿ ಬಂದ್ಬುಡ್ತೀವಿ. ಅಲ್ಲಿದ್ದು ದಿನಾ ಕೇಳೋಳು ನನ್ ಮಗ್ಳು" ಎಂದರು.

ಕಲೆ ತೋರಿಸಿ ಎಂದೆ. ಅಷ್ಟರಲ್ಲಿ ಅವರ ಹೆಂಡತಿ ಸೋಪು ಉಜ್ಜಿ ಆಗಿತ್ತು. ಹಳದಿ ಕಲೆ ಕೆಂಪಾಗಿತ್ತು.

"ಅರಿಶಿನಕ್ಕೆ ಸುಣ್ಣ ಬಿದ್ದರೆ ಆರತಿ ನೀರು ಕೆಂಪಾಗುತ್ತಲ್ಲ, ಇದೂ ಅದೇ" ಎಂದೆ.

ಆಕೆ ಗಂಡನ ಕಡೆ ತಿರುಗಿದರು. "ಎಂಗೂ ಆರತಿ ರೆಡಿಯಾಗೇ ಅದೆ. ನಡೀರಿ, ಬಾಗ್ಲಲ್ಲಿ ನಿಂತ್ಕಳಿ, ದೃಷ್ಟಿ ತಗೀತೀನಿ."

ನಿಂಬೆಹಣ್ಣು

ನಿಂಬೆರಸ ಹಚ್ಚಿ ಬಿಸಿಲಿಗೆ ಹಾಕಿ ಎಂದೆ. ಓನರ್ ಅರ್ಧಂಬರ್ಧ ಕೆಲಸ ಮಾಡುವವರಲ್ಲ. ಒಳ್ಳೇ ಬಿಸಿಲು ಬೀಳುವುದು ಬೀದಿಯಲ್ಲಿ ಎಂದು ಕೆಂಪು ಕಲೆಯ ಪಂಚೆಯನ್ನು ಮನೆ ಮುಂದೆ ಹಾಸಿದರು. ಹಾರಿಹೋಗದಿರಲಿ ಎಂದು ಮೂಲೆಗಳಿಗೆ ಕಲ್ಲಿಟ್ಟರು. ಹಿಂಡಿದ ನಿಂಬೆ ಹೋಳುಗಳನ್ನು ಕಲೆಯ ಮೇಲೇ ಬಿಟ್ಟು ಒಳಗೆ ಹೋದರು. ಅವತ್ತು ಅಮಾವಾಸ್ಯೆ.

ಹಾಲಿನವನು ಬೀದಿ ತುದಿಯಿಂದಲೇ ಬೈಕ್ ತಿರುಗಿಸಿದ. ಎದುರು ಮನೆಯ ಅಜ್ಜಿ ಕಿಟಕಿ ಹಾಕಿಕೊಂಡರು. ಸಂಜೆ ಹೊತ್ತಿಗೆ ಕಲೆ ಬಹುಪಾಲು ಹೋಗಿತ್ತು. ಪಂಚೆಯ ಪಕ್ಕದಲ್ಲಿ ಯಾರೋ ಒಂದು ತೆಂಗಿನಕಾಯಿ ಒಡೆದು ಹೋಗಿದ್ದರು.

ಓನರ್ ಹೆಂಡತಿ ಎರಡು ಹೋಳನ್ನೂ ತೊಳೆದು ಒಳಗೆ ತಂದರು. "ನಮ್ ಪಂಚೆಗೆ ಒಡ್ದಿರೋ ಕಾಯಿ ತಾನೆ. ನಾಳೆ ಚಟ್ನಿಗಾಯ್ತು."

ಬೆಲ್ಲದ ಪುಡಿ

ಇನ್ನೂ ತೆಳ್ಳಗೆ ಹಳದಿ ಛಾಯೆ ಉಳಿದಿತ್ತು. ನಿಡಘಟ್ಟದಲ್ಲಿ ಆಲೆಮನೆ ಇಟ್ಟಿರುವ ಓನರ್ ತಮ್ಮನವರು ಒಂದು ಪೊಟ್ಟಣ ತಂದರು. ಒಳಗಿದ್ದದ್ದು ಹೈಡ್ರೋಸ್, ಬೆಲ್ಲ ಬೆಳ್ಳಗೆ ಕಾಣಲಿ ಎಂದು ಕುದಿಯುವ ಕಬ್ಬಿನ ಹಾಲಿಗೆ ಹಾಕುವ ಪುಡಿ.

"ಕರೀ ಬೆಲ್ಲಾನೇ ಬೆಳ್ಳಗ್ ಮಾಡ್ತದೆ ಕಣಣ್ಣ, ಪಂಚೆ ಯಾವ್ ಮೂಲೆ?" ಎಂದರು.

ಅದು ಅಸಲಿಗೆ ಬಟ್ಟೆಯ ಬಣ್ಣ ತೆಗೆಯುವ ಪುಡಿ, ತಿನ್ನುವುದಕ್ಕೆ ಬೀಳಲೇಬಾರದು ಎಂದೆ. ಓನರ್ ಹೆಂಡತಿ ಪೊಟ್ಟಣವನ್ನು ಮೈದುನನ ಕೈಗೆ ವಾಪಸು ಕೊಟ್ಟರು.

"ಬ್ಯಾಡ ಕಣಪ್ಪ. ಪಂಚೆ ಇನ್ನೂ ನಾಕ್ ವರ್ಸ ಬಾಳ್ಬೇಕು. ನೀನು ಬೆಲ್ಲಕ್ಕೇ ಹಾಕ್ಕೋ."

ಹಾಗೆ ಹೇಳಿ ನನಗೊಂದು ಲೋಟ ಬೆಲ್ಲದ ಕಾಫಿ ಕೊಟ್ಟರು.

ನೀಲಿ

ಬಿಸಿನೀರಿಗೆ ಒಗೆಯುವ ಸೋಡಾ ಹಾಕಿ ನೆನೆಸಿ, ಜಾಲಿಸಿ, ಕೊನೆಗೆ ಒಂದು ಬಕೆಟ್ ನೀರಿಗೆ ಒಂದೆರಡು ತೊಟ್ಟು ನೀಲಿ ಎಂದೆ. ತೊಟ್ಟಿನ ಮೇಲೆ ಓನರ್‌ಗೆ ನಂಬಿಕೆಯಿಲ್ಲ. ಪಂಚೆ ಆಕಾಶದ ಬಣ್ಣಕ್ಕೆ ತಿರುಗಿತು. ಜಾಲಿಸಿ ಜಾಲಿಸಿ ಬಿಳಿಗೆ ತಂದರೂ ಒಂದು ಮೂಲೆಯಲ್ಲಿ ಹುಣಸೆಬೀಜದಷ್ಟು ನೀಲಿ ನಿಂತೇಬಿಟ್ಟಿತು.

"ಇರ್ಲಿ ಬುಡಿ, ದೃಷ್ಟಿಬೊಟ್ಟು" ಎಂದರು ಅವರ ಹೆಂಡತಿ.

ಬೀಗರೂಟ

ಭಾನುವಾರ ನನ್ನನ್ನೂ ಕಾರಿನಲ್ಲಿ ಹಾಕಿಕೊಂಡು ಹೋದರು. ಬೀಗರು ಓನರ್ ಪಂಚೆಯನ್ನು ಮೇಲಿಂದ ಕೆಳಗೆ ನೋಡಿದರು. ಏನೂ ಅನ್ನಲಿಲ್ಲ. ಆ ಬಾಯಿಗೆ ಅದೇ ಹೊಗಳಿಕೆ.

ಎಲೆ ಹಾಕಿ ಮುದ್ದೆ ಬಂತು. ಬಾಡಿನ ಸಾರು ತುಳುಕುತ್ತಾ ಬಕೆಟ್ ಬಂತು. ಓನರ್ ಬಕೆಟ್ ನೋಡಿದರು, ಪಂಚೆ ನೋಡಿಕೊಂಡರು. "ನನಗೆ ಹಸಿವಿಲ್ಲ" ಎಂದು ನಿಂತೇ ಇದ್ದರು.

ಬೀಗರೂಟದಲ್ಲಿ ಹಸಿವಿಲ್ಲ ಎನ್ನುವುದಕ್ಕಿಂತ ಕಲೆಯ ಪಂಚೆಯೇ ವಾಸಿ. ಪಂಕ್ತಿಯವರೆಲ್ಲ ಇತ್ತ ತಿರುಗಿದರು.

"ಯಾಕ್ ಬೀಗ್ರೇ, ನಮ್ಮನೆ ಬಾಡು ನಿಮಗೆ ಸೇರಲ್ವಾ?" ಎಂದರು ಗಂಡಿನ ತಂದೆ.

ಓನರ್ ಮಗಳು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು. ಆದರೂ ಮೆಲ್ಲಗೆ ಕೇಳಿದಳು: "ಮಾವ, ನೀವೂ ಬೆಳಗ್ಗೆಯಿಂದ ಎಲೆ ಮುಂದೆ ಕೂತಿಲ್ವಲ್ಲ?"

ಬೀಗರು ತಮ್ಮ ಪಂಚೆ ನೋಡಿಕೊಂಡರು. ಓನರ್ ಉಟ್ಟಿದ್ದರ ಜೋಡಿಯೇ. ದನಿ ಇಳಿಯಿತು.

"ನಮ್ಮೋಳು ಹೇಳವ್ಳೆ, ಸಾರು ಚೆಲ್ಕಂಡ್ರೆ ಒಳಗೆ ಸೇರ್ಸಲ್ಲ ಅಂತ."

ಎರಡು ಚೌಕಳಿ ಲುಂಗಿ ಬಂದವು. ಪಂಚೆಗಳು ಹಿತ್ತಿಲ ಹಗ್ಗಕ್ಕೆ ಹೋದವು. ಬೀಗರಿಬ್ಬರೂ ಲುಂಗಿಯಲ್ಲಿ ಪಕ್ಕಪಕ್ಕ ಕೂತು, ನಲ್ಲಿಮೂಳೆ ಚೀಪುತ್ತಾ, ಹೆಂಡತಿಯರ ಮೇಲೆ ದೂರು ಹೇಳಿಕೊಂಡರು. ಮಗಳೇ ಬಡಿಸಿದಳು. ನಗುತ್ತಿದ್ದಳು.

ಹೊರಡುವಾಗ ಇಬ್ಬರೂ ಪಂಚೆ ಉಟ್ಟು ಬಾಗಿಲವರೆಗೆ ಬಂದರು. ಕಾರು ಹೊರಟ ಕೂಡಲೇ ಓನರ್ ಶುರು ಮಾಡಿದರು: "ನೋಡಿದ್ರಾ ಮೇಷ್ಟ್ರೇ? ನಮ್ದು ಎಂಗೆ ಹೊಳೀತದೆ, ಬೀಗ್ರುದು ಎಷ್ಟು ಮಂಕು."

ಪಕ್ಕದಲ್ಲಿದ್ದ ಹೆಂಡತಿ ಪಂಚೆಯ ಒಂದು ಮೂಲೆ ಎಳೆದು ನೋಡಿದರು. ಇನ್ನೊಂದು ಮೂಲೆ ನೋಡಿದರು. ಎಲ್ಲ ಮೂಲೆಯೂ ನೋಡಿ ಆಯಿತು.

"ದೃಷ್ಟಿಬೊಟ್ಟು ಇಲ್ವಲ್ರೀ. ನೀವ್ ಉಟ್ಟಿರೋದು ಬೀಗ್ರುದು."

ಮಳವಳ್ಳಿ ದಾಟುವವರೆಗೂ ಓನರ್ ಎಲ್ಲ ಮೂಲೆಯನ್ನೂ ತಾವೇ ಇನ್ನೊಮ್ಮೆ ಹುಡುಕಿದರು. ಮದ್ದೂರು ಹತ್ತಿರವಾದಾಗ ನನ್ನ ಕಡೆ ತಿರುಗಿದರು.

"ಮೇಷ್ಟ್ರೇ, ಬೀಗ್ರ ಬೀದೀಲಿ ಕೆಮಿಸ್ಟ್ರಿ ಮೇಷ್ಟ್ರು ಯಾರಾದ್ರೂ ಅವ್ರಾ?"

"ಇದ್ದಂತೆ ಕಾಣಲಿಲ್ಲ" ಎಂದೆ.

"ಅದಕ್ಕೇ ಬೆಳ್ಳಗದೆ" ಎಂದರು.