ಬಾರ್ಲಿ ನೆನೆಸಿದ ಶನಿವಾರ

ತಯಾರಾಗಿ ಸಿಗುವ ವಸ್ತುವಿಗೆ ನಮ್ಮ ಬೇ ಏರಿಯಾದಲ್ಲಿ ಮರ್ಯಾದೆ ಇಲ್ಲ. ಕೈತುಂಬ ಸಂಬಳ ಬರತೊಡಗಿದ ಕೂಡಲೇ ಇಲ್ಲಿನ ಜನ ಅಂಗಡಿಯಲ್ಲಿ ಸಿಗುವುದನ್ನೆಲ್ಲ ಮನೆಯಲ್ಲೇ ಮಾಡಲು ಹೊರಡುತ್ತಾರೆ. ಒಬ್ಬ ಬ್ರೆಡ್ಡು ಮಾಡುತ್ತಾನೆ, ಇನ್ನೊಬ್ಬ ಹಿತ್ತಿಲಲ್ಲಿ ಕೋಳಿ ಸಾಕಿ ಒಂದೊಂದು ಮೊಟ್ಟೆಗೂ ಫೋಟೋ ತೆಗೆಯುತ್ತಾನೆ. ನಾನು ಬಿಯರು ಹಿಡಿದೆ. ಮೊದಲ ಸಲ, ಡಬ್ಬದಲ್ಲಿ ಬರುವ ಮಾಲ್ಟಿನ ಪಾಕಕ್ಕೆ ನೀರು ಬೆರೆಸಿ ಮಾಡಿದ್ದನ್ನು ಸಹೋದ್ಯೋಗಿ ಕೆವಿನ್‌ಗೆ ಕೊಟ್ಟೆ. ಅವನು ಒಂದು ಗುಟುಕು ಕುಡಿದು, "ಓ, ಪಾಕದಿಂದ ಮಾಡಿದ್ದಾ?" ಎಂದ. ಇನ್‌ಸ್ಟಂಟ್ ಕಾಫಿ ಕೊಟ್ಟವರ ಮನೆಯಲ್ಲಿ ಮೈಸೂರಿನ ನಮ್ಮ ಸೋದರತ್ತೆ ಲೋಟ ಕೆಳಗಿಡುತ್ತಿದ್ದರಲ್ಲ, ಹಾಗೇ ಇಟ್ಟ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನೇ ತಂದು, ಬಿಸಿನೀರಲ್ಲಿ ನೆನೆಸಿ, ರಸ ಇಳಿಸಿ ಮಾಡಿದರೆ ಮಾತ್ರ ಬಿಯರಂತೆ, ಉಳಿದದ್ದೆಲ್ಲ ಶರಬತ್ತಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಬರುವ ಶನಿವಾರ ಕಾಳಿನಿಂದಲೇ ಮಾಡುತ್ತೇನೆಂದು ಇಡೀ ಟೀಮಿನೆದುರು ಶಪಥ ಮಾಡಿಬಿಟ್ಟೆ.

"ರೀ, ಮದುವೆಯಾದಾಗಿಂದ ಒಂದು ದಿನ ದೋಸೆಗೆ ಅಕ್ಕಿ ನೆನೆಹಾಕಿದವರಲ್ಲ, ಬಾರ್ಲಿ ನೆನೆಹಾಕ್ತೀರಾ?" ಎಂದಳು ಹೆಂಡತಿ ಸುಮಾ. "ಏನಾದ್ರೂ ಮಾಡ್ಕೊಳ್ಳಿ, ನನ್ನ ಪಾತ್ರೆ ಮಾತ್ರ ಮುಟ್ಟಬೇಡಿ." ತರಿತರಿಯಾಗಿ ಒಡೆಸಿದ ಬಾರ್ಲಿ ಗರಾಜಿಗೆ ಬಂತು, ಥರ್ಮಾಮೀಟರು ಬಂತು, ನಲ್ಲಿ ಕೂಡಿಸಿದ ದೊಡ್ಡ ಐಸ್‌ಬಾಕ್ಸೂ ಬಂತು. ತಣ್ಣಗಿಡುವ ಪೆಟ್ಟಿಗೆ ಬಿಸಿಯನ್ನೂ ಹಾಗೇ ಹಿಡಿದಿಡುತ್ತದಂತೆ. ಕೊರತೆಯಾದದ್ದು ಒಂದು ಹಂಡೆಯಷ್ಟು ದೊಡ್ಡ ಪಾತ್ರೆ. ಅಂಥದ್ದು ಇದ್ದದ್ದು ಪಾಲೋ ಆಲ್ಟೋದ ರಾಯರ ಹತ್ತಿರ. ನಮ್ಮ ಕನ್ನಡ ಬಳಗ ರಾಜ್ಯೋತ್ಸವಕ್ಕೆ ಬಿಸಿಬೇಳೆಬಾತ್ ಮಾಡುವ ಪಾತ್ರೆಗಳೆಲ್ಲ ಅವರ ಗರಾಜಿನಲ್ಲಿವೆ. ಅವುಗಳಲ್ಲಿ ಈರುಳ್ಳಿ ಬೇಯಿಸುವುದಕ್ಕೂ ರಾಯರು ಎರಡು ಸಲ ಯೋಚಿಸುತ್ತಾರೆ.

"ಇಷ್ಟು ದೊಡ್ಡದು ಯಾತಕ್ಕಪ್ಪಾ?" ಎಂದು ಕೇಳಿದರು. ಬಿಯರಿಗೆ ಎನ್ನಲು ನಾಲಿಗೆ ಏಳಲಿಲ್ಲ. "ಶನಿವಾರ ಮನೇಲಿ ಸತ್ಯನಾರಾಯಣ ಪೂಜೆ, ಸಾರ್," ಎಂದುಬಿಟ್ಟೆ. ರಾಯರ ಕಣ್ಣು ತುಂಬಿತು. ಪಾತ್ರೆಯನ್ನು ತಾವೇ ಒರೆಸಿ ಕಾರಿನಲ್ಲಿಟ್ಟರು. ನಾನು ಫ್ರೀವೇ ಹಿಡಿದು, ಗುನುಗುತ್ತಾ ಮಾರ್ಗನ್ ಹಿಲ್‌ನ ನಮ್ಮ ಮನೆ ಸೇರಿದೆ.

ಶನಿವಾರ ಬೆಳಿಗ್ಗೆ ಎಲ್ಲವೂ ಪುಸ್ತಕದಲ್ಲಿದ್ದಂತೆಯೇ ನಡೆಯಿತು. ಬಾರ್ಲಿ ಐಸ್‌ಬಾಕ್ಸಿನಲ್ಲಿ ನೆನೆಯುತ್ತಿತ್ತು, ಪಾತ್ರೆಯಲ್ಲಿ ಉಳಿದ ನೀರು ಕುದಿಯುತ್ತಿತ್ತು, ಗರಾಜಿನ ತುಂಬ ಸಿಹಿ ಘಮ. ಅಷ್ಟರಲ್ಲಿ ಡೋರ್‌ಬೆಲ್ಲು. ನೋಡಿದರೆ ಪಂಚೆ, ಶಲ್ಯದಲ್ಲಿ ರಾಯರು, ಪಕ್ಕದಲ್ಲಿ ಹೂವಿನ ಬುಟ್ಟಿ ಹಿಡಿದ ಅವರ ಹೆಂಡತಿ ಪದ್ಮಮ್ಮ, ಬೀದಿಯುದ್ದಕ್ಕೂ ಕಾರುಗಳು. "ನೀನು ಸಂಕೋಚದವನು, ಯಾರನ್ನೂ ಕರೆದಿರಲ್ಲ ಅಂತ ನಾನೇ ವಾಟ್ಸಾಪ್ ಗ್ರೂಪಲ್ಲಿ ಹಾಕಿದೆ," ಎಂದರು ರಾಯರು. "ಸತ್ಯನಾರಾಯಣನ ಪ್ರಸಾದಕ್ಕೆ ಕರೀಬೇಕೇನಪ್ಪಾ? ಕಿವಿಗೆ ಬಿದ್ದರೆ ಬರಬೇಕು."

ಸುಮಾ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ, ನಾನಿನ್ನೂ ಅದೇ ಮನೆಯಲ್ಲಿ ಬಾಳಬೇಕು. ಐದೇ ನಿಮಿಷದಲ್ಲಿ ಅವಳು ಸೀರೆಯುಟ್ಟು ರವೆ ಹುರಿಯತೊಡಗಿದಳು. ರಾಯರು ಗರಾಜಿಗೆ ಬಂದು, "ಭೇಷ್, ಎಸರೂ ಇಟ್ಟಿದ್ದೀಯ!" ಎಂದು ನನ್ನ ಕುದಿಯುವ ನೀರಿಗೆ ತಾವು ತಂದಿದ್ದ ಅಕ್ಕಿ, ಬೇಳೆ ಸುರಿದರು. ಆಮೇಲೆ ಐಸ್‌ಬಾಕ್ಸಿನ ಮೇಲೆ ಕೈಯಿಟ್ಟು, "ಇದರಲ್ಲೇನು?" ಎಂದರು. "ಏನಿಲ್ಲ ಸಾರ್, ಗಂಜಿ," ಎಂದೆ.

ಪೂಜೆಗೆ ಕೂತೆ. ರಾಯರೇ ಪುರೋಹಿತರು, ಅವರೇ ಕಥೆ ಓದಿದರು. ಅದರಲ್ಲಿ ಒಬ್ಬ ವ್ಯಾಪಾರಿ ಬರುತ್ತಾನೆ. ಹಡಗಿನಲ್ಲೇನಿದೆ ಎಂದು ಕೇಳಿದರೆ ಧನಕನಕವನ್ನೆಲ್ಲ ಮುಚ್ಚಿಟ್ಟು ಬರೀ ಸೊಪ್ಪುಸದೆ ಎನ್ನುತ್ತಾನೆ. ಮರುಗಳಿಗೆ ಹಡಗಿನ ತುಂಬ ಸೊಪ್ಪುಸದೆಯೇ. ಚಿಕ್ಕಂದಿನಿಂದ ಎಷ್ಟೋ ಸಲ ಈ ಕಥೆಯಲ್ಲಿ ತೂಕಡಿಸಿದ್ದೇನೆ, ಅವತ್ತು ಮಾತ್ರ ಒಂದಕ್ಷರ ಬಿಡದೆ ಕೇಳಿದೆ. ಎದ್ದುಹೋಗುವಂತಿಲ್ಲ, ಕೈಯಲ್ಲಿ ಅಕ್ಷತೆ. ಗರಾಜಿನ ಕಡೆಯಿಂದ ಪಾತ್ರೆಯ ಸದ್ದು ಬರುತ್ತಲೇ ಇತ್ತು.

ಮಂಗಳಾರತಿ ಮುಗಿದೊಡನೆ ಓಡಿದೆ. ಐಸ್‌ಬಾಕ್ಸು ಖಾಲಿ. ಪಕ್ಕದಲ್ಲಿ ಪದ್ಮಮ್ಮ ಬಟ್ಟೆಯಲ್ಲಿ ಕೊನೆಯ ಹಿಡಿ ಬಾರ್ಲಿ ಹಿಂಡುತ್ತಿದ್ದರು. "ಗಂಜಿ ಅಂದ್ಯಂತಲ್ಲ, ಬರೀ ಅದನ್ನೇ ಹೇಗಪ್ಪಾ ಕೊಡೋದು? ಸೋಸಿ, ಕಾಯಿಸಿ, ಹಾಲು ಏಲಕ್ಕಿ ಹಾಕಿದೆ. ಬೆಲ್ಲ ಬೇಕೇ ಆಗಲಿಲ್ಲ ನೋಡು, ಎಂಥಾ ಸಿಹಿ! ಮಕ್ಕಳೆಲ್ಲ ಇನ್ನೊಂದು ಲೋಟ ಅಂತ ಕುಣೀತಿವೆ." ನನಗೂ ಒಂದು ಲೋಟ ಕೊಟ್ಟರು. ಅಳು ಬರುವಂತಿತ್ತು, ಆದರೂ ಕುಡಿದೆ. ನಿಜಕ್ಕೂ ಚೆನ್ನಾಗಿತ್ತು.

ಈಗ ಬಳಗದಲ್ಲಿ ನಾನು ದೈವಭಕ್ತ. ಯಾರ ಮನೆಯಲ್ಲಿ ಪೂಜೆಯಾದರೂ ಗಂಜಿ ನನ್ನದೇ, ಹಾಗಾಗಿ ಪಾತ್ರೆಯನ್ನು ರಾಯರು ನನ್ನ ಬಳಿಯೇ ಬಿಟ್ಟಿದ್ದಾರೆ. ಅದರಲ್ಲಿ ಬಿಯರು ಕುದಿಸುವ ಧೈರ್ಯ ನನಗಿನ್ನಿಲ್ಲ. ತಿಂಗಳು ಕಳೆದ ಮೇಲೆ ಕೆವಿನ್ ಆಫೀಸಿನಲ್ಲಿ ಅಡ್ಡಹಾಕಿ, ಎಲ್ಲಿ ನಿನ್ನ ಬಿಯರು ಎಂದು ಕೇಳಿದ. "ಒಂದು ತೊಟ್ಟೂ ಉಳಿಯಲಿಲ್ಲ ಮಾರಾಯ, ಮನೆತುಂಬ ಜನ, ಎಲ್ಲರೂ ಇನ್ನೊಂದು ಲೋಟ ಕೇಳಿದರು," ಎಂದೆ. ಅವನು ಹುಬ್ಬೇರಿಸಿ, ಕಾಳಿನಿಂದಲೇ ಮಾಡಿದೆಯಾ ಎಂದ. ಕಾಳಿನಿಂದಲೇ ಎಂದೆ. ಈ ಇಡೀ ಪ್ರಕರಣದಲ್ಲಿ ನನ್ನ ಬಾಯಿಂದ ಬಂದ ನಿಜ ಅಷ್ಟೇ, ಅದನ್ನೂ ಹೇಳಿದ್ದು ಮೋಸ ಮಾಡಲಿಕ್ಕೆ.