ಎಂಟನೇ ಪೆಟ್ಟು

ಗ್ಯಾಸ್ ಮುಗಿಯಿತೋ ಇಲ್ಲವೋ ಎಂದು ನೋಡಲು ಪುರುಷೋತ್ತಮ ಸಿಲಿಂಡರಿನ ಹೊಟ್ಟೆಗೆ ಸ್ಪ್ಯಾನರಿನಿಂದ ಒಂದು ಕೊಟ್ಟದ್ದೇ ಎಲ್ಲಕ್ಕೂ ಕಾರಣ. ಠಣ್! ಖಾಲಿ! ಆದರೆ ಆ ಸದ್ದು ಅಡುಗೆಮನೆಗೆ ಮೂರು ಸುತ್ತು ಬಂದು ಅವನ ಎದೆಯಲ್ಲಿ ಕುಳಿತುಬಿಟ್ಟಿತು.

ಮಂಗಲ್ಪಾಡಿಯ ಬಾಡಿಗೆಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಹಾಡುಗಳಿಗೆ ತಾಳ ಕೂಡಿಸುವುದು ಅವನ ಕಸುಬು. ಶಾಲಾ ಕಲೋತ್ಸವಕ್ಕೆ ನೃತ್ಯ ಕಲಿಸುವ ಶಿವಪ್ರಸಾದ ಮಾಷ್ಟ್ರು ಅವನಿಗೆ ಮೊದಲ ದೊಡ್ಡ ಕೆಲಸ ಕೊಟ್ಟಿದ್ದರು. “ಕಳೆದ ವರ್ಷ ಮೂರು ಶಾಲೆಯವರು ಒಂದೇ ಕಂಪ್ಯೂಟರ್ ಡ್ರಮ್ಮಿಗೆ ಕುಣಿದದ್ದು. ಯಾರೂ ಕೇಳದ ಪೆಟ್ಟು ಬೇಕು, ಸಂಜೆ ನಾಲ್ಕರೊಳಗೆ. ಇಲ್ಲದಿದ್ರೆ ಮಂಗಳೂರಿನವರಿಗೆ ಹೇಳ್ತೇನೆ.”

ಅಂಗನವಾಡಿಗೆ ಹೊರಟ ಹೆಂಡತಿ ದಮಯಂತಿಯ ಚಿಂತೆ ಬೇರೆ. “ಇವತ್ತು ಗ್ಯಾಸಿನ ಲಾರಿ ಬರ್ತದೆ. ತಪ್ಪಿದ್ರೆ ಇನ್ನು ಹದಿನೈದು ದಿನ. ಕಿವಿ ಹೊರಗೆ ಇರಲಿ.”

“ನನಗೆ ಕಿವಿಯದ್ದೇ ಅಲ್ವಾ ಕೆಲಸ!”

ಸಿಲಿಂಡರನ್ನು ಹಳೆಯ ಟಯರಿನ ಮೇಲೆ ಕೂರಿಸಿ, ಕಿಟಕಿಯ ಬಳಿ ಮೈಕಿಟ್ಟು ಬಾರಿಸತೊಡಗಿದ. ಒಮ್ಮೆ ಬರೀ ಸ್ಪ್ಯಾನರು, ಒಮ್ಮೆ ಕಾಲುಚೀಲ ತೊಟ್ಟ ಸ್ಪ್ಯಾನರು, ಒಮ್ಮೆ ಮರದ ಸೌಟು. ತಲೆ ಎತ್ತಿ ನೋಡಿದರೆ ಅಂಗಳದಲ್ಲಿ ಏಳು ಖಾಲಿ ಸಿಲಿಂಡರುಗಳು ಸಾಲುಗಟ್ಟಿದ್ದವು. ಲಾರಿಯವನು ಊರು ಕರೆಯುವುದೂ ಹೀಗೆ ಬಾರಿಸಿಯೇ ತಾನೇ?

“ಲಾರಿ ಎಲ್ಲಿ?” ಪಕ್ಕದ ಮನೆಯ ಮನೋರಮಕ್ಕ ಏದುಸಿರುಬಿಟ್ಟಳು.

“ಲಾರಿ ಇಲ್ಲ ಅಕ್ಕ, ಇದು ಸಂಗೀತ.”

ರಿಕ್ಷಾ ಓಡಿಸುವ ಕುಂಞ ಸೊಂಟ ಹಿಡಿದುಕೊಂಡ. “ಎಂತ ಮಾರಾಯ! ಬಾಡಿಗೆ ಬಿಟ್ಟು ಓಡಿ ಬಂದದ್ದು ನಾನು. ಇದು ಸಂಗೀತ ಆದ್ರೆ ನನ್ನ ರಿಕ್ಷಾದ ಸೈಲೆನ್ಸರು ದೊಡ್ಡ ಭಾಗವತರು!”

ಪುರುಷೋತ್ತಮ ಎಲ್ಲರ ಕ್ಷಮೆ ಕೇಳಿ, ನಾಲ್ಕು ಸಿಲಿಂಡರುಗಳನ್ನು ತಾನೇ ಹೊತ್ತು ಮನೆಮನೆಗೆ ಮುಟ್ಟಿಸಿದ. ಎರಡನೆಯ ಸಲ ಬಾರಿಸಿದಾಗ ಸಿಲಿಂಡರು ಮೂರು ಬಂದವು, ಬೈಗುಳ ಮೂವತ್ತು. ಮೂರನೆಯ ಸಲ ಯಾರೂ ಬರಲಿಲ್ಲ. ಬದುಕಿದೆ ಅಂದುಕೊಂಡ.

ಹೆಡ್‌ಫೋನು ಹಾಕಿ ಕೇಳಿದರೆ ಅದರೊಳಗೊಂದು ವಿಸ್ಮಯ! ತನ್ನ ಏಳು ಪೆಟ್ಟುಗಳಾದ ಮೇಲೆ ದೂರದಲ್ಲೊಂದು ದಪ್ಪ ‘ದಣ್’. ಎದುರಿನ ಸಭಾಭವನದ ಗೋಡೆಯ ಪ್ರತಿಧ್ವನಿ ಇರಬೇಕು. ಹಿಂದೆ ಏನೋ ಗುರ್ರ್ ಎನ್ನುತ್ತಿತ್ತು, ಅದನ್ನು ಕತ್ತರಿಸಿ ಎಸೆದ. ‘ದಣ್’ ಅನ್ನು ಎಂಟನೆಯ ಪೆಟ್ಟಾಗಿ ಕೂರಿಸಿ, ನಾಲ್ಕಕ್ಕೆ ಐದು ನಿಮಿಷವಿರುವಾಗ ಕಳಿಸಿದ.

ದಮಯಂತಿ ಬಿರುಗಾಳಿಯಂತೆ ಒಳಗೆ ಬಂದಳು. ಹಿಂದೆಯೇ ಮತ್ತೆ ಖಾಲಿ ಸಿಲಿಂಡರುಗಳನ್ನು ಹೊತ್ತು ಮನೋರಮಕ್ಕ, ಕುಂಞ.

“ಲಾರಿ ತಿರುವಿನಲ್ಲಿ ಸಿಕ್ಕಿತು ನನಗೆ. ಬಾರಿಸಿ ಬಾರಿಸಿ ಕೈಸೋತು ಹೋದರಂತೆ. ಒಂದು ನರಪಿಳ್ಳೆ ಬರ್ಲಿಲ್ಲವಂತೆ!”

“ನಿನ್ನ ಗಂಡನ ಸಂಗೀತ ಅಂತ ನಾವು ಏಳಲಿಲ್ಲ,” ಅಂದಳು ಮನೋರಮಕ್ಕ.

“ನಾನು ಇಲ್ಲೇ ಇದ್ದೆ! ಲಾರಿ ಬಂದಿದ್ರೆ ಮೈಕಿಗೆ ಕೇಳ್ತಿರ್ಲಿಲ್ವಾ? ಬೇಕಾದ್ರೆ ನೀವೇ ಕೇಳಿ!” ಎಂದು ಅವನು ರೆಕಾರ್ಡು ಹಾಕಿದ.

ಠಣ್, ಠಣ್, ಠಣ್... ಏಳಾಯಿತು. ದಣ್.

“ಹಾಂ, ಅದೇ ಲಾರಿ!” ದಮಯಂತಿ ಕೂಗಿದಳು. “ಅದು ತುಂಬಿದ ಸಿಲಿಂಡರಿನ ಸದ್ದು. ಖಾಲಿಯದ್ದು ಹಾಗೆ ಬರ್ತದಾ?”

ಕುಂಞ ಸ್ಪ್ಯಾನರನ್ನು ಜಪ್ತಿ ಮಾಡಿದ.

ಅಷ್ಟರಲ್ಲಿ ಫೋನು. ಮಾಷ್ಟ್ರು ಕುಣಿಯುತ್ತಿದ್ದರು. “ಆ ಎಂಟನೇ ಪೆಟ್ಟುಂಟಲ್ಲ, ಅದು ಮಾತ್ರ ಚಿನ್ನ! ಉಳಿದ ಏಳು ಬೇಡ, ಪಾತ್ರೆ ಅಂಗಡಿ ಹಾಗೆ ಕೇಳ್ತದೆ. ಎಂಟಕ್ಕೆಂಟೂ ಅದೇ ಪೆಟ್ಟು ಬೇಕು, ಹೊಸದಾಗಿ ಬಾರಿಸಿ, ನಾಳೆಗೆ. ಆಗ್ತದಾ, ಇಲ್ಲ ಮಂಗಳೂರಿನವರಿಗೆ ಹೇಳುವುದಾ?”

ಪುರುಷೋತ್ತಮ ಬಾಗಿಲ ಬಳಿ ಸಾಲಾಗಿ ನಿಂತ ಖಾಲಿ ಸಿಲಿಂಡರುಗಳನ್ನು ನೋಡಿದ.

“ಹದಿನೈದು ದಿನ ಆಗ್ತದೆ ಮಾಷ್ಟ್ರೇ,” ಅಂದ. “ಆ ವಾದ್ಯದವರು ಈಗಷ್ಟೇ ಹೋದ್ರು.”