ಜವಾಬ್ದಾರಿ ಮುಗಿಸಿದವನ ವೀಸಾ

ಪರದೇಶಕ್ಕೆ ಹೋಗಲು ಟಿಕೆಟ್ ಇದ್ದರೆ ಸಾಕು ಎಂದುಕೊಂಡಿದ್ದೆ. ಅಲ್ಲಿಂದ ವಾಪಸ್ ಬರುತ್ತೇನೆಂದು ಹೋಗುವ ಮೊದಲೇ ನಂಬಿಸಬೇಕಂತೆ! (ದೇಶದ ಹೆಸರು ಹೇಳುವುದಿಲ್ಲ. ಮತ್ತೆ ಅರ್ಜಿ ಹಾಕುವವನಿದ್ದೇನೆ.)

ಮಗಳು ಅಕ್ಷರಾಳಿಗೆ ಅಲ್ಲಿ ಹೆರಿಗೆ. ಅಳಿಯ ದನದ ಡಾಕ್ಟರು. ಅವನಿಗೆ ಹಸುವಿನ ಬಾಣಂತನ ಗೊತ್ತು, ಹೆಂಡತಿಯದು ಗೊತ್ತಿಲ್ಲ. ಹಾಗಾಗಿ ನನ್ನವಳು ಉಮಾಮಹೇಶ್ವರಿ ಆರು ತಿಂಗಳ ಮಟ್ಟಿಗೆ ಹೋಗುವುದೆಂದಾಯಿತು. ಮೊಮ್ಮಗುವನ್ನು ಎತ್ತಿಕೊಳ್ಳುವ ಆಸೆ ನನಗಿಲ್ಲವೇ? ನಾನೂ ಹೊರಟೆ.

ಭದ್ರಾವತಿಯ ಕಾರ್ಖಾನೆಯಲ್ಲಿದ್ದಷ್ಟು ಕಾಲ ನಾನು ಒಂದು ನಿಯಮವನ್ನೂ ಓದಿದವನಲ್ಲ. ನಿವೃತ್ತನಾದ ಮೇಲೆ ಈ ವೀಸಾ ಶಾಸ್ತ್ರದ ಹುಚ್ಚು ಹಿಡಿಯಿತು. ಆರು ತಿಂಗಳು ಇರಲು ಬಿಡುವವರು ಅದರ ಮೇಲೆ ಒಂದು ದಿನವಾದರೆ ಏಕೆ ಸಿಡುಕುತ್ತಾರೆ? ಪ್ರವಾಸಿ ವೀಸಾದಲ್ಲಿ ಹೋದವಳು ಮಗಳ ಮನೆಯಲ್ಲಿ ಪಾತ್ರೆ ತೊಳೆದರೆ ಅದು ಕೆಲಸವೋ ಪ್ರವಾಸವೋ? ಉಪ್ಪಿನಕಾಯಿಗೆ ಪ್ರತ್ಯೇಕ ಅಪ್ಪಣೆ ಬೇಕೋ? ಇಂಥ ಘನ ಪ್ರಶ್ನೆಗಳನ್ನು ಹೊತ್ತು ವಾರವಾರವೂ ಬಸ್ಸು ಹತ್ತಿ ಶಿವಮೊಗ್ಗದ ವೀಸಾ ಏಜೆಂಟ್ ಹಸ್ನೈನ್ ಮುಂದೆ ಕೂರುತ್ತಿದ್ದೆ.

"ಅದೆಲ್ಲ ಬಿಡಿ ಸಾರ್" ಎಂದ ಅವನು. "ಅವ್ರು ನೋಡೋದು ಒಂದೇ. ಬಂದವ್ರು ವಾಪಸ್ ಹೋಗ್ತಾರಾ, ಅಲ್ಲೇ ಝಂಡಾ ಊರ್ತಾರಾ ಅಂತ. ಊರಿಗೆ ನಿಮ್ಮನ್ನ ಎಳೆಯೋದು ಏನಿದೆ, ಅದನ್ನ ಹೇಳಿ."

ನನಗೆ ಇದು ಒಪ್ಪಿಗೆಯಾಗಲಿಲ್ಲ. ನೆಂಟರಿಷ್ಟರಲ್ಲಿ ಎಷ್ಟೋ ಸಂಬಂಧ ಕುದುರಿಸಿದ ಅನುಭವಸ್ಥ ನಾನು. ಗಂಡಿನ ಕಡೆಯವರು ಮೊದಲು ಹೇಳುವುದೇನು? "ಹುಡುಗನಿಗೆ ಯಾವ ಜವಾಬ್ದಾರಿಯೂ ಇಲ್ಲ." ಅಲ್ಲಿಗೆ ಅರ್ಧ ಮದುವೆ ಮುಗಿದಂತೆ. ತಲೆಯ ಮೇಲೆ ಹೊರೆ ಇರುವವನನ್ನು ಯಾವ ಮರ್ಯಾದಸ್ಥ ದೇಶ ಒಳಗೆ ಬಿಟ್ಟುಕೊಂಡೀತು?

"ರೀ, ಆ ಏಜೆಂಟ್ ಹುಡುಗ ಹೇಳಿದ ಹಾಗೇ ಹೇಳಿ" ಎಂದಳು ಉಮಾ.

"ಸುಮ್ನಿರು ಮಾರಾಯ್ತಿ, ನಿಂಗೇನ್ ಗೊತ್ತು? ನೀನು ಬಾಯಿ ಬಿಡ್ಬೇಡ. ಎಲ್ಲ ನಾನ್ ನೋಡ್ಕೋತೀನಿ."

ಚೆನ್ನೈನಲ್ಲಿ ಸಂದರ್ಶನ. ಗಾಜಿನಾಚೆ ಅಧಿಕಾರಿಣಿ, ಪಕ್ಕದಲ್ಲಿ ಕನ್ನಡದ ದುಭಾಷಿ. ಊರಿಗೆ ಮರಳಲು ನಿಮಗೇನು ಕಾರಣವಿದೆ ಎಂದು ಮೊದಲು ನನ್ನನ್ನೇ ಕೇಳಿದರು.

ಎದೆಯುಬ್ಬಿಸಿದೆ. "ಏನೂ ಇಲ್ಲ ಮೇಡಂ! ರಿಟೈರ್ ಆಯ್ತು. ಮಗಳ ಮದ್ವೆ ಆಯ್ತು. ಹೊಳೆಹೊನ್ನೂರಿನ ಗದ್ದೆ ಮಾರಿಯಾಯ್ತು. ಜವಾಬ್ದಾರಿ ಎಲ್ಲ ಕ್ಲೀನಾಗಿ ಮುಗಿಸಿದೀನಿ. ನೀವು ಎಷ್ಟು ದಿನ ಇರು ಅಂದ್ರೂ ಇರ್ತೀನಿ!"

ಇದನ್ನು ಅನುವಾದಿಸಲೇ ಎಂಬಂತೆ ದುಭಾಷಿ ನನ್ನ ಮುಖ ನೋಡಿದ. ಪುಣ್ಯಾತ್ಮ, ಅನುವಾದಿಸಿಯೇಬಿಟ್ಟ. ನನ್ನ ಪಾಸ್‌ಪೋರ್ಟು ವೀಸಾ ಇಲ್ಲವೆಂಬ ಒಂದು ಚೀಟಿಯ ಸಮೇತ ನನ್ನ ಕೈಗೇ ವಾಪಸ್ ಬಂತು. ಮಗು ಮಗುಚಿಕೊಳ್ಳುವುದನ್ನೂ ಇನ್ನು ಫೋನಿನಲ್ಲೇ ನೋಡಬೇಕು.

ಈಗ ಉಮಾಳಿಗೆ ಅದೇ ಪ್ರಶ್ನೆ. ಅವಳು ಒಂದು ಕ್ಷಣವೂ ಯೋಚಿಸಲಿಲ್ಲ.

"ಇವ್ರು ಇಲ್ಲೇ ಉಳಿದ್ರಲ್ಲ ಮೇಡಂ" ಎಂದು ನನ್ನತ್ತ ಕೈ ತೋರಿಸಿದಳು. "ಅನ್ನಕ್ಕೆ ನೀರಿಡೋಕೂ ಬರಲ್ಲ ಇವ್ರಿಗೆ. ನಾನು ವಾಪಸ್ ಬರ್ಲಿಲ್ಲ ಅಂದ್ರೆ ಇವ್ರ ಗತಿ ಏನು?"

ಅಧಿಕಾರಿಣಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿದರು. ಅವರಿಗೆ ಪೂರ್ಣ ನಂಬಿಕೆ ಬಂತು. ಉಮಾಳಿಗೆ ವೀಸಾ ಸಿಕ್ಕಿತು.

ಅವಳು ಹೊರಡುವ ವಾರ ಗೋಗರೆದೆ. "ಅನ್ನ ಸಾರು ಮಾಡೋದಾದ್ರೂ ಹೇಳ್ಕೊಟ್ಟು ಹೋಗೇ."

"ಖಂಡಿತ ಇಲ್ಲ" ಎಂದಳು ಸೂಟ್‌ಕೇಸಿನ ಮೇಲೆ ಕೂತು ಮುಚ್ಚಳ ಒತ್ತುತ್ತಾ. "ನೀವು ಅಡುಗೆ ಕಲಿತುಬಿಟ್ರೆ ಮುಂದಿನ ಸಲ ನಂಗೆ ವೀಸಾ ಯಾರ್ರೀ ಕೊಡ್ತಾರೆ?"